ಒಡಂಬಡಿಕೆ ಮತ್ತು ಕೃಪೆ (ಕ್ರೈಸ್ತ ಧರ್ಮ)

ಒಡಂಬಡಿಕೆ ಮತ್ತು ಕೃಪೆ ಎಂಬವು ಕ್ರೈಸ್ತ ಧರ್ಮದ ರಕ್ಷಣಾ ಸಿದ್ಧಾಂತದ ಎರಡು ಮೂಲ ಪರಿಕಲ್ಪನೆಗಳು. ದೇವರು ತಾನೇ ಮುಂದಾಗಿ ಮನುಷ್ಯರೊಡನೆ ಸಂಬಂಧವನ್ನು ಏರ್ಪಡಿಸಿಕೊಳ್ಳುವುದು ಒಡಂಬಡಿಕೆ. ಮನುಷ್ಯನ ಅರ್ಹತೆಯನ್ನು ಎಣಿಸದೆ ತೋರುವ ದಯೆ ಕೃಪೆ. ಪಾಪದಿಂದ ಬಿಡುಗಡೆ, ಅಂದರೆ ರಕ್ಷಣೆ, ಮನುಷ್ಯನ ಗಳಿಕೆಯಲ್ಲ, ಯೇಸು ಕ್ರಿಸ್ತನ ಮೂಲಕ ದೊರೆಯುವ ದಾನ ಎಂಬುದು ಈ ಬೋಧನೆಯ ಸಾರ. ಈ ದಾನವು ಯಾರಿಗೆ, ಹೇಗೆ ದೊರೆಯುತ್ತದೆ ಎಂಬ ವಿಷಯದಲ್ಲಿ ಸಭೆಗಳ ನಡುವೆ ಭಿನ್ನಾಭಿಪ್ರಾಯವಿದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಈ ಭಿನ್ನ ಪರಂಪರೆಗಳ ಚರ್ಚುಗಳು ಒಂದಕ್ಕೊಂದು ಸಮೀಪದಲ್ಲಿಯೇ ಬೆಳೆದಿವೆ.

ಪದಗಳು

ಒಡಂಬಡಿಕೆ ಎಂಬ ಕನ್ನಡ ಪದಕ್ಕೆ ಒಪ್ಪಂದ, ಕರಾರು ಎಂಬ ಅರ್ಥಗಳಿವೆ. ಹೀಬ್ರೂ ಭಾಷೆಯ ‘ಬೆರೀತ್’ ಮತ್ತು ಗ್ರೀಕ್ ಭಾಷೆಯ ‘ದಿಯಾಥೇಕೆ’ ಎಂಬ ಪದಗಳಿಗೆ ಸಮಾನವಾಗಿ ಇದನ್ನು ಬಳಸಲಾಗಿದೆ. ಗ್ರೀಕ್ ಪದಕ್ಕೆ ಮರಣಶಾಸನ ಅಥವಾ ಉಯಿಲು ಎಂಬ ಅರ್ಥವೂ ಉಂಟು. ಉಯಿಲಿನಲ್ಲಿ ಕೊಡುವವನ ಇಚ್ಛೆಯೇ ಮುಖ್ಯವಾದುದರಿಂದ, ಸರಿಸಮಾನರ ನಡುವಿನ ವ್ಯಾಪಾರದ ಕರಾರಿಗಿಂತ ಇದು ಭಿನ್ನವಾದುದು. ಬೈಬಲಿನ ಎರಡು ಭಾಗಗಳಿಗೆ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂಬ ಹೆಸರುಗಳು ಬಂದಿರುವುದೂ ಈ ಪದದಿಂದಲೇ. ಕೃಪೆಗೆ ಗ್ರೀಕ್ ಮೂಲದಲ್ಲಿ ‘ಖಾರಿಸ್’ ಎಂಬ ಪದವಿದೆ. ಕನ್ನಡ ಪ್ರಾಟೆಸ್ಟೆಂಟ್ ಬರಹಗಳಲ್ಲಿ ‘ಕೃಪೆ’, ‘ನಂಬಿಕೆ’ ಎಂಬ ಪದಗಳು ಹೆಚ್ಚು ಬಳಕೆಯಲ್ಲಿದ್ದರೆ, ಕಥೋಲಿಕ ಬರಹಗಳಲ್ಲಿ ‘ವರಪ್ರಸಾದ’, ‘ವಿಶ್ವಾಸ’ ಎಂಬ ಪದಗಳು ರೂಢಿಯಲ್ಲಿವೆ.

ಬೈಬಲಿನಲ್ಲಿ

ಹಳೆಯ ಒಡಂಬಡಿಕೆಯು ಹಲವು ಒಡಂಬಡಿಕೆಗಳನ್ನು ವಿವರಿಸುತ್ತದೆ. ಜಲಪ್ರಳಯದ ನಂತರ ನೋಹನೊಡನೆ ಆದ ಒಡಂಬಡಿಕೆಗೆ ಮಳೆಬಿಲ್ಲು ಗುರುತು. ಅಬ್ರಹಾಮನೊಡನೆ ಆದುದಕ್ಕೆ ಸುನ್ನತಿ ಗುರುತು. ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ಇಸ್ರಾಯೇಲ್ಯರಿಗೆ ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರವನ್ನು ಕೊಡಲಾಯಿತು. ಇಲ್ಲಿ ಬಿಡುಗಡೆ ಮೊದಲು, ಆಜ್ಞೆಗಳು ಅನಂತರ ಎಂಬ ಕ್ರಮವನ್ನು ವ್ಯಾಖ್ಯಾನಕಾರರು ಎತ್ತಿ ತೋರಿಸುತ್ತಾರೆ. ಯೆರೆಮೀಯನ ಗ್ರಂಥದ 31ನೆಯ ಅಧ್ಯಾಯವು ಹೃದಯದಲ್ಲಿ ಬರೆಯಲ್ಪಡುವ ಹೊಸ ಒಡಂಬಡಿಕೆಯೊಂದನ್ನು ಮುಂತಿಳಿಸುತ್ತದೆ. ಯೇಸು ತನ್ನ ಕೊನೆಯ ಭೋಜನದಲ್ಲಿ ಪಾತ್ರೆಯನ್ನು ಈ ಹೊಸ ಒಡಂಬಡಿಕೆಯೊಡನೆ ಸಂಬಂಧಿಸಿದನೆಂದು ಲೂಕನ ಸುವಾರ್ತೆ ಹೇಳುತ್ತದೆ. ರಕ್ಷಣೆಯು ಕ್ರಿಯೆಗಳಿಂದಲ್ಲ, ನಂಬಿಕೆಯ ಮೂಲಕ ಕೃಪೆಯಿಂದ ಎಂಬ ವಾದವನ್ನು ರೋಮಾಪುರದವರಿಗೆ, ಗಲಾತ್ಯದವರಿಗೆ ಹಾಗೂ ಎಫೆಸದವರಿಗೆ ಬರೆದ ಪತ್ರಗಳಲ್ಲಿ ಕಾಣಬಹುದು. ಕ್ರಿಯೆಗಳಿಲ್ಲದ ನಂಬಿಕೆಯು ನಿರ್ಜೀವವೆಂದು ಯಾಕೋಬನ ಪತ್ರ ಎಚ್ಚರಿಸುತ್ತದೆ.

ಸಿದ್ಧಾಂತದ ಬೆಳವಣಿಗೆ

5ನೆಯ ಶತಮಾನದಲ್ಲಿ ಪೆಲಾಜಿಯಸನು ಮನುಷ್ಯನ ಸ್ವತಂತ್ರ ಇಚ್ಛೆಗೆ ಒತ್ತು ಕೊಟ್ಟನು. ಕೃಪೆಯ ನೆರವಿಲ್ಲದೆ ಇಚ್ಛೆಯು ಒಳಿತಿನ ಕಡೆಗೆ ತಿರುಗಲಾರದೆಂದು ಅಗಸ್ಟೀನನು ಅವನನ್ನು ವಿರೋಧಿಸಿದನು. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು, ಮನುಷ್ಯನು ನಂಬಿಕೆಯೊಂದರಿಂದಲೇ ನೀತಿವಂತನೆಂದು ಎಣಿಸಲ್ಪಡುತ್ತಾನೆಂದು ಬೋಧಿಸಿದನು. ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆಯು 1547ರಲ್ಲಿ, ಆರಂಭವು ಕೃಪೆಯಿಂದಲೇ ಆಗುತ್ತದೆಂದು ಒಪ್ಪಿಕೊಂಡು, ಮನುಷ್ಯನು ಅದಕ್ಕೆ ಸಹಕರಿಸಬೇಕೆಂದು ನಿರ್ಣಯಿಸಿತು.

ಒಡಂಬಡಿಕೆಯನ್ನೇ ಇಡೀ ಸಿದ್ಧಾಂತದ ಚೌಕಟ್ಟನ್ನಾಗಿ ಮಾಡಿದವರು ಸುಧಾರಿತ ಹಾಗೂ ಪ್ರೆಸ್ಬಿಟೇರಿಯನ್ ಸಭೆಗಳವರು. 1646ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣವು ಆದಾಮನೊಡನೆ ಆದ ‘ಕ್ರಿಯೆಗಳ ಒಡಂಬಡಿಕೆ’ ಮತ್ತು ಪತನದ ನಂತರದ ‘ಕೃಪೆಯ ಒಡಂಬಡಿಕೆ’ ಎಂದು ಎರಡನ್ನು ವಿಂಗಡಿಸುತ್ತದೆ. ಮೆಥೋಡಿಸ್ಟ್ ಪಂಥದ ಜಾನ್ ವೆಸ್ಲಿಯು ಕೃಪೆಯು ಎಲ್ಲರಿಗೂ ಮುಂಚಿತವಾಗಿಯೇ ದೊರೆತಿದೆ, ಆದರೆ ಮನುಷ್ಯನು ಅದನ್ನು ನಿರಾಕರಿಸಬಲ್ಲನು ಎಂದನು. 1999ರ ಅಕ್ಟೋಬರ್ 31ರಂದು ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಈ ವಿಷಯ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೋಡಿಸ್ಟರೂ ಅದನ್ನು ಅನುಮೋದಿಸಿದರು.

ಬೆಂಗಳೂರು ದಂಡು ಪ್ರದೇಶದಲ್ಲಿ

1809ರಲ್ಲಿ ಸ್ಥಾಪಿತವಾದ ದಂಡಿನಲ್ಲಿ ಸೈನಿಕರ ಹಾಗೂ ನಿವಾಸಿಗಳ ಪಂಥಗಳಿಗೆ ಅನುಗುಣವಾಗಿ ಚರ್ಚುಗಳು ತಲೆಯೆತ್ತಿದವು. ಸೇಂಟ್ ಮಾರ್ಕ್ಸ್ ಚರ್ಚು ಮತ್ತು ಹಲಸೂರಿನ ಸಮೀಪದ ಹೋಲಿ ಟ್ರಿನಿಟಿ ಚರ್ಚು ಆಂಗ್ಲಿಕನ್ ಪರಂಪರೆಯವು. 1866ರಲ್ಲಿ ಕಬ್ಬನ್ ರಸ್ತೆಯಲ್ಲಿ ತೆರೆದ ಸೇಂಟ್ ಆಂಡ್ರ್ಯೂಸ್ ಚರ್ಚು ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರದು. ವೆಸ್ಟ್‌ಮಿನ್‌ಸ್ಟರ್ ಪ್ರಮಾಣದ ಪರಂಪರೆ ಇದರದು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಕಥೋಲಿಕರ ಪ್ರಮುಖ ಕ್ಷೇತ್ರವಾಗಿದ್ದು, ಸೆಪ್ಟೆಂಬರ್ 8ರ ಹಬ್ಬಕ್ಕೆ ಇತರ ಧರ್ಮಗಳವರೂ ಅಲ್ಲಿಗೆ ಬರುತ್ತಾರೆ. ಇಂದಿರಾನಗರ, ಕೆ.ಆರ್. ಪುರ ಮೊದಲಾದ ಕಡೆ ಪೆಂಟೆಕೋಸ್ಟಲ್ ಸಭೆಗಳೂ ಇವೆ.

1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಸೇರಿ ದಕ್ಷಿಣ ಭಾರತ ಸಭೆಯು (ಸಿ.ಎಸ್.ಐ.) ರೂಪುಗೊಂಡಿತು. ಕೃಪೆಯ ಬಗ್ಗೆ ಬೇರೆ ಬೇರೆ ವಿವರಣೆ ಕೊಡುತ್ತಿದ್ದವರು ಒಂದೇ ಆಡಳಿತದೊಳಗೆ ಬಂದದ್ದು ಇದರ ವಿಶೇಷ. ಮೇಲೆ ಹೇಳಿದ ಮೂರು ಪ್ರಾಟೆಸ್ಟೆಂಟ್ ಚರ್ಚುಗಳೂ ಈಗ ಈ ಸಭೆಗೆ ಸೇರಿವೆ.

ಆಚರಣೆಗಳು

ವೆಸ್ಲಿಯು 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯಲ್ಲಿ ಸಭಿಕರು ತಮ್ಮನ್ನು ದೇವರಿಗೆ ಮರುಸಮರ್ಪಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಹೊಸ ವರ್ಷದ ಆರಂಭದಲ್ಲಿ ನಡೆಯುವ ಇದು ದಕ್ಷಿಣ ಭಾರತ ಸಭೆಯ ಆರಾಧನಾ ಗ್ರಂಥದಲ್ಲಿಯೂ ಸೇರಿದೆ. ದೀಕ್ಷಾಸ್ನಾನದ ಬಗ್ಗೆ ಮತಭೇದವಿದೆ. ಸುನ್ನತಿಯಂತೆ ಇದೂ ಒಡಂಬಡಿಕೆಯ ಗುರುತಾದುದರಿಂದ ಶಿಶುಗಳಿಗೂ ಕೊಡಬಹುದೆಂಬುದು ಪ್ರೆಸ್ಬಿಟೇರಿಯನ್ನರ ವಾದ. ಸ್ವಂತ ನಂಬಿಕೆಯನ್ನು ಅರಿಕೆಮಾಡಿದವರಿಗೆ ಮಾತ್ರ ಅದು ಸಲ್ಲುತ್ತದೆಂದು ಬ್ಯಾಪ್ಟಿಸ್ಟರೂ ಪೆಂಟೆಕೋಸ್ಟಲರೂ ಹೇಳುತ್ತಾರೆ.

ಆಧುನಿಕ ಚರ್ಚೆಗಳು

ರಕ್ಷಣೆಯು ಆತ್ಮಕ್ಕೆ ಮಾತ್ರ ಸಂಬಂಧಿಸಿದ್ದೇ, ಈ ಲೋಕದ ಅನ್ಯಾಯಕ್ಕೂ ಸಂಬಂಧಿಸಿದ್ದೇ ಎಂಬ ಪ್ರಶ್ನೆ 20ನೆಯ ಶತಮಾನದಲ್ಲಿ ಪ್ರಬಲವಾಯಿತು. ಬೆಂಗಳೂರಿನ ಕ್ರೈಸ್ತ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ. ಎಂ. ಥಾಮಸ್ ಅವರು 1971ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ರಕ್ಷಣೆಯನ್ನು ಮಾನವೀಕರಣದೊಡನೆ ಜೋಡಿಸಿದರು. ಬಿಷಪ್ ಲೆಸ್ಲಿ ನ್ಯೂಬಿಗಿನ್ ಅವರು ಕ್ರಿಸ್ತನನ್ನು ಒಪ್ಪಿಕೊಂಡ ಗೋಚರ ಸಮುದಾಯ ಅಗತ್ಯವೆಂದು ವಾದಿಸಿ ಅವರೊಡನೆ ಚರ್ಚೆ ನಡೆಸಿದರು. 1910ರಲ್ಲಿ ಸ್ಥಾಪನೆಯಾದ, ಬೆನ್ಸನ್ ಟೌನ್‌ನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಅವರು ಮಾಡಿದ ಭಾಷಣವು ದಲಿತ ದೈವಶಾಸ್ತ್ರಕ್ಕೆ ನಾಂದಿಯಾಯಿತೆಂದು ಪರಿಗಣಿಸಲಾಗಿದೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಅರಿಕೆಯನ್ನು ಅವರು ಮುಂದೆ ಆಧಾರವಾಗಿ ಬಳಸಿದರು. ದಬ್ಬಾಳಿಕೆಗೆ ಒಳಗಾದವರು ದೇವರ ಬಿಡುಗಡೆಯಿಂದ ಒಂದು ಜನಾಂಗವಾದದ್ದನ್ನು ಅದು ನೆನೆಯುತ್ತದೆ. ಕೃಪೆಯಲ್ಲಿ ಅರ್ಹತೆಯ ಎಣಿಕೆಯಿಲ್ಲವೆಂದು ಸಾರುವ ಸಭೆಯೊಳಗೆ ಜಾತಿಯ ಎಣಿಕೆ ಉಳಿಯಬಹುದೇ ಎಂಬುದು ಈ ಚಿಂತನೆ ಎತ್ತಿದ ಪ್ರಶ್ನೆ.

ಇತರ ಪರಂಪರೆಗಳೊಡನೆ ಹೋಲಿಕೆ

ಶ್ರೀವೈಷ್ಣವ ಪರಂಪರೆಯಲ್ಲಿಯೂ ಇದನ್ನು ಹೋಲುವ ಚರ್ಚೆಯಿದೆ. ಮರಿಯು ತಾಯಿಯನ್ನು ಹಿಡಿದುಕೊಳ್ಳಬೇಕಾದುದು ಮರ್ಕಟ ನ್ಯಾಯ. ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವುದು ಮಾರ್ಜಾಲ ನ್ಯಾಯ. ಜರ್ಮನ್ ವಿದ್ವಾಂಸ ರುಡಾಲ್ಫ್ ಆಟೊ 1930ರ ತಮ್ಮ ಕೃತಿಯಲ್ಲಿ ಭಾರತದ ಭಕ್ತಿಪಂಥಗಳನ್ನೂ ಕ್ರೈಸ್ತ ಧರ್ಮವನ್ನೂ ಕೃಪೆಯ ಧರ್ಮಗಳಾಗಿ ಹೋಲಿಸಿದರು. ಕ್ರೈಸ್ತ ಬೋಧನೆಯಲ್ಲಿ ಕೃಪೆಯು ಯೇಸುವಿನ ಮರಣ ಮತ್ತು ಪುನರುತ್ಥಾನಗಳಿಗೂ, ಒಂದು ಸಮುದಾಯದೊಡನೆ ಆದ ಒಡಂಬಡಿಕೆಗೂ ಬದ್ಧವಾಗಿರುವುದು ಮುಖ್ಯ ವ್ಯತ್ಯಾಸ.