ಚಿತ್ತೋಡದ ಕೀರ್ತಿಸ್ತಂಭದ ಅಂತರ್ಭಾಗ: ಬೆಳಕೂ ಛಾಯಾಚಿತ್ರವೂ

ಮೇವಾಡದ ಪುರಾತನ ರಾಜಧಾನಿಯಾದ ಚಿತ್ತೋಡದ ದುರ್ಗದಲ್ಲಿ ಮಹಾರಾಣಾ ಕುಂಭಕರ್ಣನು ಎತ್ತಿಸಿದ ಒಂಬತ್ತು ನೆಲೆಗಳ ಗೋಪುರವು ಭಾರತೀಯ ವಾಸ್ತುವಿದ್ಯೆಯ ಪರಿಚಯವುಳ್ಳವರಿಗೆಲ್ಲ ವಿದಿತವಾದುದೇ. ಲೋಕದಲ್ಲಿ ಇದಕ್ಕೆ ವಿಜಯಸ್ತಂಭವೆಂಬ ಹೆಸರು ರೂಢವಾಗಿದೆ. ಇದರ ಶಿಲಾಪ್ರಶಸ್ತಿಯಾದರೋ ಕೀರ್ತಿಸ್ತಂಭಪ್ರಶಸ್ತಿಯೆಂದೇ ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆ. ಅದೇ ದುರ್ಗದಲ್ಲಿ ಆದಿನಾಥನಿಗೆ ಸಮರ್ಪಿತವಾದ, ಇದಕ್ಕಿಂತ ಹಳೆಯದೂ ಕಿರಿದೂ ಆದ ಜೈನಕೀರ್ತಿಸ್ತಂಭವೊಂದು ಉಂಟು. ಪ್ರಕೃತ ಲೇಖನವು ಕುಂಭನ ಗೋಪುರವನ್ನು ಕುರಿತುದೆಂದು ವಾಚಕರು ಗ್ರಹಿಸಬೇಕು.

ಈ ಗೋಪುರದ ಹೊರರೂಪವು ದೇಶಕ್ಕೆಲ್ಲ ಪರಿಚಿತವಾಗಿರುವುದು. 1949ರಲ್ಲಿ ಹೊರಟ ಒಂದು ರೂಪಾಯಿಯ ಅಂಚೆಚೀಟಿಯ ಮೇಲೆ ಇದರ ಚಿತ್ರವಿದ್ದಿತು. ಆದರೆ ಇದರ ಒಳಗೆ ಏನಿದೆಯೆಂಬುದನ್ನೂ, ಆ ಒಳಭಾಗಕ್ಕೆ ಬೆಳಕು ಹೇಗೆ ಬರುವುದೆಂಬುದನ್ನೂ ಬಲ್ಲವರು ಅಲ್ಪಸಂಖ್ಯಾತರು. ಒಳಭಾಗವನ್ನು ಛಾಯಾಚಿತ್ರದಲ್ಲಿ ಯಥಾವತ್ತಾಗಿ ಗ್ರಹಿಸುವುದು ಇತಿಹಾಸಕ್ಕೆ ಏಕೆ ಅವಶ್ಯಕ, ಅದನ್ನು ಯಾವ ಕ್ರಮದಿಂದ ಮಾಡಬೇಕು ಎಂಬೀ ಎರಡು ಅಂಶಗಳನ್ನು ಇಲ್ಲಿ ವಿಚಾರಮಾಡಲಾಗುವುದು.

ಕುಂಭನು ಕ್ರಿ.ಶ. 1433ರಿಂದ 1468ರವರೆಗೆ ಆಳಿದನು. ಮಾಳವದ ಸುಲ್ತಾನನಾದ ಮಹಮೂದ್ ಖಿಲ್ಜಿಯನ್ನು ಗೆದ್ದುದರ ಸ್ಮಾರಕವಾಗಿ ಈ ಗೋಪುರವು ನಿರ್ಮಿತವಾಯಿತೆಂಬುದು ಪರಂಪರೆಯ ಹೇಳಿಕೆ. ದ್ವಾರದಲ್ಲಿ ಜನಾರ್ದನನ ಮೂರ್ತಿಯಿರುವುದರಿಂದಲೂ ವೈಷ್ಣವಪ್ರತಿಮೆಗಳ ಬಾಹುಳ್ಯದಿಂದಲೂ ಇದು ವಿಷ್ಣುವಿಗೆ ಸಮರ್ಪಿತವೆಂಬುದು ಸ್ಪಷ್ಟ. ವಿಕ್ರಮಸಂವತ್ 1505ರಲ್ಲಿ, ಎಂದರೆ ಕ್ರಿ.ಶ. 1448-49ರಲ್ಲಿ, ಇದರ ಪ್ರತಿಷ್ಠೆಯಾಯಿತು. ಎತ್ತರವು ಸುಮಾರು 122 ಅಡಿ, ಮೆಟ್ಟಲುಗಳು 157. ಕಟ್ಟಿದ ಸೂತ್ರಧಾರನ ಹೆಸರು ಜೈತ. ಅವನ ಮತ್ತು ಅವನ ಮಕ್ಕಳ ರೂಪಗಳು ಐದನೆಯ ನೆಲೆಯಲ್ಲಿ ಹೆಸರುಸಹಿತವಾಗಿ ಕೆತ್ತಲ್ಪಟ್ಟಿರುವುವು. ಶಿಲ್ಪಿಗಳು ಬಹುಮಟ್ಟಿಗೆ ತಮ್ಮ ಹೆಸರನ್ನು ಉಳಿಸಿಹೋಗದ ನಮ್ಮ ದೇಶದಲ್ಲಿ ಇದೊಂದು ವಿಶೇಷವೆಂದೇ ಹೇಳಬೇಕು.

ಇನ್ನು ಒಳರಚನೆ. ಇಲ್ಲಿಯ ಸೋಪಾನವು ಕುತುಬ್ ಮಿನಾರಿನಲ್ಲಿರುವಂತೆ ಒಂದೇ ಸಮನಾಗಿ ಸುತ್ತಿಕೊಂಡು ಏರುವುದಿಲ್ಲ. ಒಮ್ಮೆ ನಡುವಣ ಕೋಣೆಯ ಮೂಲಕವೂ ಮತ್ತೊಮ್ಮೆ ಅದನ್ನು ಬಳಸಿದ ಮೊಗಸಾಲೆಯ ಮೂಲಕವೂ ಪರ್ಯಾಯವಾಗಿ ಮೇಲೇರುತ್ತದೆ. ಮೊಗಸಾಲೆಗೆ ಗವಾಕ್ಷಗಳಿಂದ ಬೆಳಕು ನೇರವಾಗಿ ಬರುವುದು. ನಡುಗೋಣೆಗೆ ಬರುವುದು ಹಾಗೆ ಬಂದು ಗೋಡೆಗಳಿಗೆ ತಾಗಿ ಮರಳಿದ ಬೆಳಕು ಮಾತ್ರ. ಹೀಗಾಗಿ ಏರುವವನು ಕತ್ತಲೆಯಿಂದ ಬೆಳಕಿಗೂ ಬೆಳಕಿನಿಂದ ಕತ್ತಲೆಗೂ ಹಲವು ಸಲ ದಾಟಿ, ಕಡೆಗೆ ಕಂಬಗಳ ನಡುವೆ ತೆರೆದಿರುವ ಮೇಲಿನ ನೆಲೆಗಳನ್ನು ಸೇರುತ್ತಾನೆ. ಬೆಳಕಿನ ಈ ತಾರತಮ್ಯವು ಕಟ್ಟಡದ ವಿನ್ಯಾಸದಿಂದಲೇ ಹುಟ್ಟಿದುದು. ಆದಕಾರಣ ಅದೂ ವಾಸ್ತುವಿನ ಒಂದು ಅಂಗವೆಂದೇ ಎಣಿಸತಕ್ಕುದು.

ಪ್ರತಿಮೆಗಳು ಇದೇ ಕ್ರಮದಲ್ಲಿ ನೆಲೆನೆಲೆಯಾಗಿ ಜೋಡಿಸಲ್ಪಟ್ಟಿವೆ. ಮೊದಲನೆಯ ನೆಲೆಯಲ್ಲಿ ಅನಂತ, ರುದ್ರ, ಬ್ರಹ್ಮರು; ಎರಡನೆಯದರಲ್ಲಿ ಹರಿಹರ, ಅರ್ಧನಾರೀಶ್ವರರು; ನಾಲ್ಕನೆಯದರಲ್ಲಿ ಋತುಗಳೂ ಗಂಗಾದಿ ನದಿಗಳೂ ಮೂರ್ತಿವೆತ್ತು ನಿಂತಿರುವುವು. ಐದನೆಯದರಲ್ಲಿ ಲಕ್ಷ್ಮೀನಾರಾಯಣ, ಉಮಾಮಹೇಶ್ವರ, ಬ್ರಹ್ಮಸಾವಿತ್ರೀ ಎಂಬ ದಂಪತಿಗಳು. ಆರನೆಯದರಲ್ಲಿ ಮಹಾಸರಸ್ವತೀ, ಮಹಾಲಕ್ಷ್ಮೀ, ಮಹಾಕಾಳಿಯರು. ಏಳನೆಯದರಲ್ಲಿ ವಿಷ್ಣುವಿನ ಅವತಾರಗಳು. ಎಂಟನೆಯ ನೆಲೆಯಲ್ಲಿ ಪ್ರತಿಮೆಗಳೇ ಇಲ್ಲ. ಮೂರನೆಯ ನೆಲೆಯಲ್ಲಿ ಒಂಬತ್ತು ಸಲವೂ ಎಂಟನೆಯ ನೆಲೆಯಲ್ಲಿ ಎಂಟು ಸಲವೂ ಅಲ್ಲಾಹನ ನಾಮವು ಅರಬ್ಬೀ ಲಿಪಿಯಲ್ಲಿ ಕೆತ್ತಲ್ಪಟ್ಟಿರುವುದು ಇತಿಹಾಸಜ್ಞರು ಮನನಮಾಡಬೇಕಾದ ವಿಷಯ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಪ್ರತಿಮೆಗಳ ಬಳಿಯಲ್ಲಿ ಅವುಗಳ ಹೆಸರನ್ನು ಬರೆದಿರುವುದು. ಗ್ರಂಥಗಳಲ್ಲಿ ಓದಿದ ಲಕ್ಷಣವನ್ನು ಶಿಲೆಯಲ್ಲಿ ಕಂಡ ರೂಪದೊಡನೆ ಹೋಲಿಸಲು ಹೊರಟವನಿಗೆ ಇದೊಂದು ಶಿಲಾಮಯವಾದ ನಿಘಂಟು. ಕುಂಭನ ಆಶ್ರಿತನಾದ ಸೂತ್ರಧಾರ ಮಂಡನನು ರೂಪಮಂಡನ, ದೇವತಾಮೂರ್ತಿಪ್ರಕರಣ ಮೊದಲಾದ ಗ್ರಂಥಗಳನ್ನು ಅದೇ ಕಾಲದಲ್ಲಿ ರಚಿಸಿದನೆಂಬುದನ್ನು ನೆನೆದರೆ, ಈ ಹೋಲಿಕೆಯ ಪ್ರಯೋಜನವು ಇಮ್ಮಡಿಯಾಗುವುದು.

ಈ ಗೋಪುರವನ್ನು ಪಾಶ್ಚಾತ್ಯರಿಗೆ ಪರಿಚಯಮಾಡಿಕೊಟ್ಟವರಲ್ಲಿ ಕರ್ನಲ್ ಟಾಡ್ ಸಾಹೇಬರು ಮುಖ್ಯರು. ಅವರ ಗ್ರಂಥವು 1829 ಮತ್ತು 1832ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಕನ್ನಿಂಗ್‌ಹ್ಯಾಮರ ಸಹಾಯಕರಾಗಿದ್ದ ಗ್ಯಾರಿಕ್ ಸಾಹೇಬರು 1883-84ರಲ್ಲಿ ರಾಜಪುತಾನದಲ್ಲಿ ಸಂಚರಿಸಿ ಚಿತ್ತೋಡದ ಛಾಯಾಚಿತ್ರಗಳನ್ನು ತೆಗೆದರು. ಆ ಶತಮಾನದ ಸಾಧನಗಳಿಗೆ ಒಳಭಾಗವು ದುಸ್ಸಾಧ್ಯವಾಗಿತ್ತು. 1850ರ ಅನಂತರ ಬಳಕೆಗೆ ಬಂದ ಹಸಿ ಫಲಕದ ಪದ್ಧತಿಯಲ್ಲಿ, ಗಾಜಿಗೆ ಲೇಪವನ್ನು ಬಳಿದು ಅದು ಆರುವುದರೊಳಗಾಗಿಯೇ ಚಿತ್ರವನ್ನು ಹಿಡಿದು ಸಂಸ್ಕರಿಸಬೇಕಾಗಿದ್ದಿತು. ಮಂದಪ್ರಕಾಶವು ಕೇಳುವಷ್ಟು ದೀರ್ಘಕಾಲ ಕಾಯುವುದಕ್ಕೆ ಅವಕಾಶವಿರಲಿಲ್ಲ. 1865ರಲ್ಲಿ ಪಿಯಾಝಿ ಸ್ಮಿತ್ ಎಂಬ ಜ್ಯೋತಿರ್ವಿದರು ಈಜಿಪ್ತಿನ ಮಹಾಪಿರಮಿಡ್ಡಿನ ಒಳಗೆ ಮೆಗ್ನೀಸಿಯಮ್ ತಂತಿಯನ್ನು ಉರಿಸಿ ಚಿತ್ರಗಳನ್ನು ತೆಗೆದರು. ಕೃತಕಪ್ರಕಾಶದಿಂದ ಕತ್ತಲೆಯು ಜಯಿಸಲ್ಪಟ್ಟಿತು, ದಿಟ. ಆದರೆ ಕ್ಯಾಮರದ ಬಳಿಯಿಂದಲೇ ಎದುರಾಗಿ ಬೀಳುವ ಪ್ರಕಾಶವು ನೆರಳನ್ನು ಅಳಿಸಿಬಿಡುವುದು. ನೆರಳಿಲ್ಲದೆ ಉಬ್ಬುಶಿಲ್ಪವು ಚಪ್ಪಟೆಯಾಗಿ ತೋರುವುದು, ಸವೆದ ಅಕ್ಷರವು ಓದಲು ಬಾರದಾಗುವುದು. ನಡುಗೋಣೆಯೂ ಮೊಗಸಾಲೆಯೂ ಒಂದೇ ಬಣ್ಣದಲ್ಲಿ ಕಾಣುವುದರಿಂದ ಕಟ್ಟಡದ ಕ್ರಮವೂ ಮರೆಯಾಗುವುದು.

ಆದುದರಿಂದ ಇಂತಹ ಗೋಪುರಕ್ಕೆ ಎರಡು ಬಗೆಯ ಚಿತ್ರಗಳು ಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದು ವಾಸ್ತುಚಿತ್ರ. ಇದರಲ್ಲಿ ಕೃತಕಪ್ರಕಾಶವು ಕೂಡದು. ಕ್ಯಾಮರವನ್ನು ಅಲುಗದಂತೆ ನಿಲ್ಲಿಸಿ, ಇದ್ದ ಬೆಳಕಿನಲ್ಲಿಯೇ ದೀರ್ಘಕಾಲ ಗ್ರಹಿಸಬೇಕು. ಗವಾಕ್ಷದ ಪ್ರಖರತೆಗೂ ಮೂಲೆಯ ಕತ್ತಲೆಗೂ ಒಂದೇ ಗ್ರಹಣವು ಸಾಲದಿದ್ದರೆ, ಬೇರೆ ಬೇರೆ ಕಾಲಪ್ರಮಾಣದ ಹಲವು ಚಿತ್ರಗಳನ್ನು ಕೂಡಿಸುವ ಇಂದಿನ ಉಪಾಯವುಂಟು. ಅದನ್ನು ಮಿತವಾಗಿ ಬಳಸಬೇಕು, ಕತ್ತಲೆಯು ಕತ್ತಲೆಯಾಗಿಯೇ ಉಳಿಯಬೇಕು. ಎರಡನೆಯದು ಪಾಠಚಿತ್ರ. ಇದರಲ್ಲಿ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಒಂದೊಂದು ಅಕ್ಷರದ ಅಂಚೂ ನೆರಳು ಚೆಲ್ಲುವಂತೆ ಮಾಡಬೇಕು. ಎರಡರಲ್ಲಿಯೂ ನೆಲೆ, ದಿಕ್ಕು, ಮಾಸ, ವೇಳೆಗಳನ್ನು ಬರೆದಿಡತಕ್ಕುದು. ಚಿತ್ತೋಡವು ಕರ್ಕಾಟಕವೃತ್ತಕ್ಕೆ ಸ್ವಲ್ಪವೇ ಉತ್ತರದಲ್ಲಿರುವುದರಿಂದ, ಜೂನ್ ತಿಂಗಳ ಮಧ್ಯಾಹ್ನ ಸೂರ್ಯನು ಬಹುಮಟ್ಟಿಗೆ ನೆತ್ತಿಯ ಮೇಲಿರುವನು. ಡಿಸೆಂಬರಿನಲ್ಲಿ ಸುಮಾರು 42 ಅಂಶಗಳಷ್ಟು ಮಾತ್ರ ಏರುವುದರಿಂದ ದಕ್ಷಿಣದ ಗವಾಕ್ಷಗಳ ಮೂಲಕ ಕಿರಣಗಳು ಆಳವಾಗಿ ಒಳಹೊಗುವುವು. ಮಾಸವನ್ನು ಹೇಳದ ಚಿತ್ರವು ತಿಥಿಯಿಲ್ಲದ ಶಾಸನದಂತೆ ಅರ್ಧಪ್ರಮಾಣವಷ್ಟೆ.

ಇಷ್ಟೊಂದು ಶ್ರಮವೇಕೆಂದು ಶಂಕಿಸುವವರಿಗೆ ಒಂಬತ್ತನೆಯ ನೆಲೆಯೇ ಉತ್ತರವನ್ನು ಕೊಡುತ್ತದೆ. ಸಿಡಿಲಿನಿಂದ ಕೆಟ್ಟಿದ್ದ ಮೇಲಣ ಗುಮ್ಮಟವನ್ನು 19ನೆಯ ಶತಮಾನದಲ್ಲಿ ಮಹಾರಾಣಾ ಸ್ವರೂಪಸಿಂಹನು ಮತ್ತೆ ಕಟ್ಟಿಸಿದನು. ಅಲ್ಲಿ ಸಂವತ್ 1517ರ, ಎಂದರೆ ಕ್ರಿ.ಶ. 1460ರ, ಮಹಾಪ್ರಶಸ್ತಿಯ ಅನೇಕ ಫಲಕಗಳಿದ್ದುವು. ಅತ್ರಿಯೆಂಬ ಕವಿಯು ಆರಂಭಿಸಿದ ಅದನ್ನು ಅವನ ಮಗನಾದ ಮಹೇಶನು ಪೂರ್ಣಗೊಳಿಸಿದನು. ಈಗ ಉಳಿದಿರುವುವು ಎರಡೇ ಫಲಕಗಳು. ಮಿಕ್ಕ ಭಾಗವು ನಮಗೆ ತಿಳಿದಿರುವುದು, ಫಲಕಗಳು ನಷ್ಟವಾಗುವುದಕ್ಕೆ ಮುಂಚೆ ಯಾರೋ ಪುಣ್ಯಾತ್ಮರು ಮಾಡಿಟ್ಟ ಹಸ್ತಪ್ರತಿಯಿಂದ. ಈ ಪ್ರಶಸ್ತಿಯು ಕನ್ನಡಿಗರಿಗೂ ಸಂಬಂಧಪಟ್ಟುದು. ಸಂಗೀತರಾಜವನ್ನೂ ಗೀತಗೋವಿಂದಕ್ಕೆ ರಸಿಕಪ್ರಿಯಾ ಎಂಬ ವ್ಯಾಖ್ಯಾನವನ್ನೂ ರಚಿಸಿದ ಕುಂಭನು, ಕರ್ಣಾಟಕ, ಮೇದಪಾಟ, ಮಹಾರಾಷ್ಟ್ರಗಳ ಭಾಷೆಗಳನ್ನು ಬಳಸಿ ನಾಲ್ಕು ನಾಟಕಗಳನ್ನೂ ಬರೆದನೆಂದು ಅದರಲ್ಲಿ ಹೇಳಿದೆ. ಹದಿನೈದನೆಯ ಶತಮಾನದ ಮೇವಾಡದ ಆಸ್ಥಾನದಲ್ಲಿ ಕರ್ಣಾಟಕದ ನುಡಿಗೆ ಮನ್ನಣೆಯಿದ್ದಿತೆಂಬುದಕ್ಕೆ ಇದು ಗಣನೀಯವಾದ ಸಾಕ್ಷ್ಯ. ಇಂತಹ ಪಾಠವು ಕಲ್ಲನ್ನು ಮಾತ್ರವೇ ನಂಬಿಕೊಂಡಿದ್ದಲ್ಲಿ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಅಂದು ಲಿಪಿಕಾರನು ಮಾಡಿದ ಕೆಲಸವನ್ನು ಇಂದು ಛಾಯಾಗ್ರಾಹಕನು ಮಾಡಬೇಕಾಗಿದೆ. 2013ರಲ್ಲಿ ಚಿತ್ತೋಡವು ರಾಜಸ್ಥಾನದ ಇತರ ಗಿರಿದುರ್ಗಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಸಂತೋಷದ ವಿಷಯವೇ. ಆದರೆ ಕಿರಿದಾದ ಆ ಸೋಪಾನದಲ್ಲಿ ಶತಮಾನಗಳಿಂದ ತಾಗಿದ ಕೈಗಳಿಗೂ ಮಳೆಗಾಳಿಗಳಿಗೂ ಸವೆಯುವ ನಾಮಾಕ್ಷರಗಳನ್ನು ಪಟ್ಟಿಯೊಂದೇ ರಕ್ಷಿಸಲಾರದು. ಒಂಬತ್ತು ನೆಲೆಗಳ ವಾಸ್ತುಚಿತ್ರಗಳೂ ಪ್ರತಿಯೊಂದು ಪ್ರತಿಮೆಯ ಪಾಠಚಿತ್ರವೂ ನೆಲೆಯ ಕ್ರಮದಲ್ಲಿ ಒಂದೆಡೆ ಸಂಗ್ರಹವಾದರೆ, ಪ್ರತಿಮಾಲಕ್ಷಣವನ್ನು ವ್ಯಾಸಂಗಮಾಡುವ ವಿದ್ಯಾರ್ಥಿಗೆ ಅದಕ್ಕಿಂತ ಮಿಗಿಲಾದ ಉಪಕಾರವಿರಲಾರದು. ಈ ಕಾರ್ಯದಲ್ಲಿ ಶಿಲ್ಪಶಾಸ್ತ್ರವನ್ನು ಬಲ್ಲವರೂ ಛಾಯಾಗ್ರಹಣವನ್ನು ಬಲ್ಲವರೂ ಒಂದಾಗಿ ನಿಲ್ಲಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ.