ಡಾ. ಶಿವರಾಮ ಕಾರಂತ ಥೀಮ್ ಪಾರ್ಕ್, ಕೋಟತಟ್ಟು: ಕುಟುಂಬ ಸಮೇತ ಭೇಟಿ ನೀಡುವವರಿಗೆ ಸೂಚನೆಗಳು

ಜ್ಞಾನಪೀಠ ಪುರಸ್ಕೃತ ಸಾಹಿತಿ ಡಾ. ಕೋಟ ಶಿವರಾಮ ಕಾರಂತರ (1902–1997) ಸ್ಮರಣಾರ್ಥ, ಅವರ ಹುಟ್ಟೂರಾದ ಕೋಟಕ್ಕೆ ಹೊಂದಿಕೊಂಡ ಕೋಟತಟ್ಟು ಗ್ರಾಮದಲ್ಲಿ ಈ ಉದ್ಯಾನವನ್ನು ನಿರ್ಮಿಸಲಾಗಿದೆ. ಇದು ಜಲಕ್ರೀಡೆಗಳ ಮನರಂಜನಾ ಕೇಂದ್ರವಲ್ಲವೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸುವುದು ಸೂಕ್ತ.

1. ಮಾರ್ಗ: ತೆಕ್ಕಟ್ಟೆಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿಯ ಕಡೆಗೆ ಸಾಗಿ ಕೋಟದಲ್ಲಿ ಇಳಿಯುವುದು. ಚತುಷ್ಪಥ ಹೆದ್ದಾರಿಯನ್ನು ದಾಟುವಾಗ ಮಕ್ಕಳನ್ನೂ ಹಿರಿಯರನ್ನೂ ಕೈಹಿಡಿದು ನಡೆಸತಕ್ಕದ್ದು.

2. ಸಮಯ: ಪ್ರವೇಶದ ವೇಳೆಯನ್ನು ಕೋಟತಟ್ಟು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಅಧಿಕವಿರುವುದರಿಂದ ಕೊಡೆ ಅವಶ್ಯ.

3. ಪೂರ್ವಸಿದ್ಧತೆ: ಕಾರಂತರು ಮಕ್ಕಳಿಗಾಗಿ ರಚಿಸಿದ ‘ಬಾಲಪ್ರಪಂಚ’ ಹಾಗೂ ಅವರ ಯಕ್ಷಗಾನ ಸೇವೆಯನ್ನು ಪರಿಚಯಿಸಿ ಕರೆದೊಯ್ದಲ್ಲಿ ಭೇಟಿಯು ಮಕ್ಕಳಿಗೆ ಹೆಚ್ಚು ಪ್ರಯೋಜನಕಾರಿಯಾಗುವುದು.

4. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು.