ದುಡಿಮೆಯ ನಡುವೆ ಗಣಿತ, ಭೌತಶಾಸ್ತ್ರ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೂ, ಕೃಷ್ಣರಾಜನಗರ ಸೀಮೆಯ ಮಿರ್ಲೆಯಂತಹ ಊರುಗಳಲ್ಲಿ ಭತ್ತದ ನಾಟಿ, ಕೊಯ್ಲುಗಳಿಗೆ ಹೆಗಲು ಕೊಡಬೇಕಾದ ಯುವಜನರಿಗೆ ನಗರದ ಹಗಲಿನ ತರಗತಿಗಳು ಸುಲಭವಾಗಿ ದಕ್ಕುವಂತಿರಲಿಲ್ಲ. ಆ ವಿಶ್ವವಿದ್ಯಾನಿಲಯ 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣ, ಅಂದರೆ ಮುದ್ರಿತ ಪಾಠಗಳನ್ನು ಮನೆಗೇ ಕಳುಹಿಸುವ ವ್ಯವಸ್ಥೆ, ದುಡಿಯುವವರಿಗೂ ಉನ್ನತ ವ್ಯಾಸಂಗದ ದಾರಿ ತೆರೆಯಿತು. 1996ರಲ್ಲಿ ಈ ಅಂಚೆ ಶಿಕ್ಷಣ ವ್ಯವಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

ಆದರೆ ಹೀಗೆ ದುಡಿಯುತ್ತಲೇ ಮನೆಯಲ್ಲಿ ಓದುವವರಿಗೆ ವಿಷಯದ ಆಯ್ಕೆಯನ್ನು ಆಸಕ್ತಿಯೊಂದೇ ನಿರ್ಧರಿಸುವುದಿಲ್ಲ. ಗಣಿತದ ಪ್ರಮೇಯವನ್ನು, ಎಂದರೆ ತರ್ಕದಿಂದ ಸಾಧಿಸಿದ ನಿಯಮವನ್ನು, ರಾತ್ರಿ ಬಿಡುವಿನಲ್ಲಿ ಕಾಗದದ ಮೇಲೆ ಬಿಡಿಸಬಹುದು. ಭೌತಶಾಸ್ತ್ರಕ್ಕಾದರೋ ಲೋಲಕದ ಆಂದೋಲನಗಳನ್ನೆಣಿಸಿ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಹಾಕುವಂತಹ ಪ್ರಯೋಗಗಳು ಬೇಕಿರುವುದರಿಂದ ಪ್ರಯೋಗಾಲಯದ ಹಾಜರಿ ಅನಿವಾರ್ಯ. ಆದ್ದರಿಂದ ದುಡಿಯುವ ವಿದ್ಯಾರ್ಥಿಗೆ ಪಠ್ಯದಷ್ಟೇ ಪ್ರಯೋಗಾಲಯದ ವೇಳೆಯನ್ನೂ ಒದಗಿಸುವುದು ಶಿಕ್ಷಣ ವ್ಯವಸ್ಥೆಯ ಹೊಣೆಯಾಗಿದೆ.